ಬಿಳಿ ಕಣದ ಕೊನೆಯ ಬಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯ ಮಳೆಗಾಲದಲ್ಲಿ ಕೆಸರುನೀರು ತುಳಿದ ಕಾಲಿನ ಸಣ್ಣ ತರಚುಗಾಯವೂ ಕೀವು ಕಟ್ಟುವುದನ್ನು ನೀವು ಕಂಡೇ ಇರುತ್ತೀರಿ. ನಾವು ಅಸಹ್ಯಪಟ್ಟು ಒರೆಸಿ ಹಾಕುವ ಆ ಕೀವಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೂ ಅವು ಸಾಯುತ್ತ ಹೊರಚೆಲ್ಲಿದ ಡಿಎನ್‌ಎಯೂ ತುಂಬಿರುತ್ತವೆ.

ಬಿಳಿ ಕಣಗಳು ರೋಗಾಣುಗಳನ್ನು ನುಂಗುತ್ತವೆಂದು ಮೊದಲು ವಾದಿಸಿ, 1908ರಲ್ಲಿ ನೊಬೆಲ್ ಪಡೆದವರು ಮೆಚ್ನಿಕಾಫ್. ಅವರ ಶಿಷ್ಯ ಹಾಫ್ಕಿನ್ ನಮ್ಮ ಊರಿನಲ್ಲೇ, 1897ರ ಜನವರಿಯಲ್ಲಿ, ತಾವು ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. ಪರೇಲಿನ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ನುಂಗುವುದರ ಆಚೆಗೆ ನ್ಯೂಟ್ರೋಫಿಲ್ ಕಣಕ್ಕೆ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಬೀಸುವ ಇನ್ನೊಂದು ವಿದ್ಯೆ ಗೊತ್ತಿದೆಯೆಂಬುದು ಬೆಳಕಿಗೆ ಬಂದದ್ದು 2004ರಲ್ಲಿ, ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಬ್ರಿಂಕ್‌ಮನ್, ಜಿಚ್ಲಿನ್ಸ್ಕಿ ಮತ್ತು ಸಂಗಡಿಗರಿಂದ.

ಮಿಲಿಮೀಟರಿನ ಸುಮಾರು ನೂರನೆಯ ಒಂದು ಭಾಗದಷ್ಟಿರುವ ಈ ಕಣದೊಳಗೆ, ಬಿಡಿಸಿ ಎಳೆದರೆ 2 ಮೀಟರಿನಷ್ಟಾಗುವ ಡಿಎನ್‌ಎ, ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಸೋಂಕಿನ ಸುಳಿವು ಸಿಕ್ಕಾಗ ಪ್ಯಾಡ್4 ಎಂಬ ಕಿಣ್ವ ಹಿಸ್ಟೋನುಗಳನ್ನು ಬದಲಿಸಿ ಆ ಹಿಡಿತವನ್ನು ಸಡಿಲಿಸುತ್ತದೆ. ಎಲಾಸ್ಟೇಸ್ ಕಿಣ್ವ ತನ್ನ ಚೀಲದಿಂದ ಹೊರಟು ಕೋಶಕೇಂದ್ರವನ್ನು ಸೇರಿ ಹಿಸ್ಟೋನುಗಳನ್ನು ಕತ್ತರಿಸುತ್ತದೆ. ಕೇಂದ್ರದ ಪೊರೆ ಕರಗಿ, ಕೆಲವು ಗಂಟೆಗಳಲ್ಲಿ ಕಣವೇ ಒಡೆದು, ಎಳೆಗಳು ಹೊರಗೆ ಹರಡುತ್ತವೆ. ವರ್ಸೋವಾದ ಮೀನುಗಾರರು ಒಣಹಾಕಿದ ಬಲೆಯೇ ನೆನಪಾಗುತ್ತದೆ. ಆದರೆ ಅವರ ಬಲೆ ಹಿಡಿದಿಡುತ್ತದೆಯಷ್ಟೆ, ಇದರ ಎಳೆಗಳಿಗೆ ರೋಗಾಣುವಿಗೆ ವಿಷವಾಗುವ ಹಿಸ್ಟೋನುಗಳೂ ಕಿಣ್ವಗಳೂ ಅಂಟಿಕೊಂಡಿರುತ್ತವೆ. ಕಣ ಸಾಯದೆಯೇ, ನಿಮಿಷಗಳಲ್ಲಿ ಬಲೆ ಬೀಸುವುದೂ ಉಂಟು.

ಎದುರಾಳಿಯೂ ಸುಮ್ಮನಿರುವುದಿಲ್ಲ. ಗಂಟಲುಬೇನೆ ತರುವ ಸ್ಟ್ರೆಪ್ಟೊಕಾಕಸ್ ಡಿಎನ್‌ಎಯನ್ನು ತುಂಡರಿಸುವ ಕಿಣ್ವವನ್ನು ಸ್ರವಿಸಿ ಬಲೆಯಿಂದ ನುಣುಚಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಹೆಚ್ಚು ಯೋಚನೆಗೆ ಹಚ್ಚುವುದು ಬಲೆ ಬೀಸುವುದಲ್ಲ, ಬೀಸಿದ ಬಲೆಯನ್ನು ತೆಗೆಯುವ ಕೆಲಸ. ಅದು ರಕ್ತನಾಳದಲ್ಲಿ ಉಳಿದರೆ ಕಿರುಬಿಲ್ಲೆಗಳೂ (ಪ್ಲೇಟ್‌ಲೆಟ್) ಕೆಂಪು ಕಣಗಳೂ ಅದಕ್ಕೇ ಸಿಕ್ಕಿ ರಕ್ತ ಹೆಪ್ಪುಗಟ್ಟಬಹುದು. ತೀವ್ರ ಕೋವಿಡ್ ರೋಗಿಗಳ ಶ್ವಾಸಕೋಶದಲ್ಲಿ ಇಂಥ ಬಲೆಗಳು ಕಂಡುಬಂದಿವೆ. ಲೂಪಸ್ ರೋಗದಲ್ಲಿ ದೇಹ ಡಿಎನ್‌ಎಯ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ತೆರವಾಗದ ಬಲೆಗಳು ಅದಕ್ಕೆ ಇಂಬು ಕೊಡುತ್ತವೆ. ನಮ್ಮ ರಕ್ತದಲ್ಲಿರುವ ಡಿಎನ್‌ಏಸ್ ಕಿಣ್ವ ಸಾಮಾನ್ಯವಾಗಿ ಈ ಎಳೆಗಳನ್ನು ಕತ್ತರಿಸಿ ತೆರವುಗೊಳಿಸುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ರೋಗಿಗಳ ಎದೆಯಲ್ಲಿ ಡಿಎನ್‌ಎ ತುಂಬಿ ಅಂಟಾಗಿ ಕಟ್ಟಿಕೊಳ್ಳುವ ಕಫವನ್ನು ತೆಳುಗೊಳಿಸಲು ಅದೇ ಕಿಣ್ವವನ್ನು ಉಸಿರಿನ ಮೂಲಕ ಕೊಡುವ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1993ರಲ್ಲಿ. ಅಂದರೆ, ಬಲೆಗೆ ಬಲೆಯೆಂಬ ಹೆಸರು ಬೀಳುವುದಕ್ಕೆ 11 ವರ್ಷ ಮೊದಲು.