ಡಿಕ್ಸಿ ಅನ್ಬೇಡಿ, ಬಿಲ್ ಅನ್ನಿ: ಬರ್ಕನ್‌ಹೆಡ್‌ನಿಂದ ಗೂಡಿಸನ್‌ಗೆ

ಇದೇ ಲೈರ್ಡ್ ಸ್ಟ್ರೀಟ್. ಬರ್ಕನ್‌ಹೆಡ್, ಹಡಗು ಕಟ್ಟೋರ ಊರು. ಮರ್ಸಿ ನದಿ ಆಚೆ ದಡದಲ್ಲಿ ಲಿವರ್‌ಪೂಲ್. 1907ರ ಜನವರಿ 22ಕ್ಕೆ ಫುಟ್‌ಬಾಲ್ ಆಟಗಾರ ವಿಲಿಯಂ ರಾಲ್ಫ್ ಡೀನ್ ಹುಟ್ಟಿದ್ದು ಈ ಬೀದೀಲೇ. ಜನ ಡಿಕ್ಸಿ ಅಂತಿದ್ರು. ಅವರಿಗೆ ಅದು ಸುತರಾಂ ಹಿಡಿಸ್ತಿರಲಿಲ್ಲ, ಬಿಲ್ ಅನ್ನಿ ಅಂತಿದ್ರು.

ಮೊದಲು ಆಡಿದ್ದು ಊರಿನ ಕ್ಲಬ್ ಟ್ರಾನ್‌ಮಿಯರ್ ರೋವರ್ಸ್‌ಗೆ. 1925ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಊರಿನ ಎವರ್ಟನ್ ಕ್ಲಬ್ 3,000 ಪೌಂಡ್ ಕೊಟ್ಟು ಕರ್ಕೊಂಡು ಹೋಯ್ತು. ಇಲ್ಲೇ ನನಗೆ ಹೊಟ್ಟೆ ಉರಿಯೋದು. ಅದರಲ್ಲಿ 300 ಪೌಂಡ್ ಅಪ್ಪ ಅಮ್ಮನಿಗೆ ಸಿಗಲಿ ಅಂತ ಹುಡುಗ ಕೇಳಿದ್ದ. ಬಂದಿದ್ದು 30. ಒಂದು ಸೊನ್ನೆನೇ ಮಾಯ! ಲೀಗ್ ಅಧ್ಯಕ್ಷ ಜಾನ್ ಮೆಕೆನ್ನಾ ಹತ್ರ ಹೋದ್ರೂ ಏನೂ ಗಿಟ್ಟಲಿಲ್ಲ, ಸಹಿ ಬಿದ್ದಾಗಿತ್ತು. ಆಗ ಆಟಗಾರನಿಗೆ ವಾರಕ್ಕೆ 8 ಪೌಂಡ್ ಮೇಲೆ ಕೊಡೋ ಹಾಗೇ ಇರಲಿಲ್ಲ. ಅಂದ್ರೆ ಆ 300, ಪೂರ್ತಿ ಸಂಬಳ ತಗೊಳೋ ಆಟಗಾರನ 37 ವಾರಕ್ಕೂ ಹೆಚ್ಚಿನ ದುಡಿಮೆ. ಸಣ್ಣ ಮೊತ್ತ ಅಲ್ಲ ರೀ.

ಹಾಂ, ಟ್ರೈನ್ ಬಂತು. ನದಿ ಕೆಳಗಿನ ಸುರಂಗ. ಮೂರ್‌ಫೀಲ್ಡ್ಸ್‌ನಲ್ಲಿ ಇಳಿದು ನಾರ್ದರ್ನ್ ಲೈನ್ ಹಿಡೀಬೇಕು.

1927-28ರಲ್ಲಿ ಡೀನ್ ಆಡಿದ್ದು 39 ಲೀಗ್ ಪಂದ್ಯ, ಹೊಡೆದಿದ್ದು 60 ಗೋಲು. ಆಫ್‌ಸೈಡ್ ನಿಯಮ ಸಡಿಲ ಆಗಿತ್ತು, ಗೋಲು ಅಗ್ಗ ಆಗಿತ್ತು, ಅಷ್ಟೇ. 1925ಕ್ಕೆ ಮುಂಚೆ ಚೆಂಡು ಪಾಸಾಗುವಾಗ ಅದನ್ನ ಪಡೆಯೋ ಆಟಗಾರನಿಗೂ ಗೋಲ್ ಲೈನ್‌ಗೂ ನಡುವೆ ಕಡಿಮೆ ಅಂದ್ರೂ ಮೂರು ಎದುರಾಳಿ ಇರಬೇಕಿತ್ತು, ಆಮೇಲೆ ಇಬ್ಬರು ಸಾಕಾಯ್ತು. ತಡೀರಿ, ಆ ಸಡಿಲ ಎಲ್ಲರಿಗೂ ಇತ್ತಲ್ಲ? ಇಂಗ್ಲಿಷ್ ಲೀಗ್‌ನಲ್ಲಿ ಬೇರೆ ಯಾರೂ 60 ಮುಟ್ಟಲಿಲ್ಲ. ಮಾತು ವಾಪಸ್ ತಗೊಂಡೆ.

ಹಿಂದಿನ ವರ್ಷ ಎರಡನೇ ಡಿವಿಷನ್‌ನಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ 59 ಹೊಡೆದಿದ್ರು. ಅದನ್ನ ದಾಟೋಕೆ ಡೀನ್‌ಗೆ ಕೊನೇ ಮೂರು ಪಂದ್ಯದಲ್ಲಿ ಒಂಬತ್ತು ಬೇಕಿತ್ತು. ಆಸ್ಟನ್ ವಿಲಾ ಮೇಲೆ ಎರಡು, ಬರ್ನ್‌ಲೀ ಮೇಲೆ ನಾಲ್ಕು. ಮೇ 5, ಎವರ್ಟನ್‌ನ ಆಗಿನ ಮೈದಾನ ಗೂಡಿಸನ್, ಎದುರು ಆರ್ಸೆನಲ್. ಎರಡು ಹೊಡೆದಾಯ್ತು, ಉಳಿದಿದ್ದು ಎಂಟೇ ನಿಮಿಷ. ಅಲೆಕ್ ಟ್ರೂಪ್ ಕಾರ್ನರ್ ಎತ್ತಿದ್ರು, ಡೀನ್ ತಲೆ ಕೊಟ್ರು, 60 ಆಯ್ತು! ಆಗಿನ ಚೆಂಡು ಚರ್ಮದ್ದು, ನೀರು ಕುಡಿದ್ರೆ ಕಲ್ಲು, ಮೇಲೆ ದಾರದ ಹೊಲಿಗೆ. ಹಣೆ ತಪ್ಪಿ ಆ ಹೊಲಿಗೆ ತಾಗಿದ್ರೆ ಚರ್ಮ ಕಿತ್ತು ಬರ್ತಿತ್ತು. 1926ರಲ್ಲಿ ಬೈಕ್ ಅಪಘಾತದಲ್ಲಿ ಒಡೆದು ಕೂಡಿದ ತಲೆಬುರುಡೆ ಬೇರೆ!

2022-23ರ ಪ್ರೀಮಿಯರ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲಂಡ್ ಹೊಡೆದಿದ್ದು 36.

ಕರ್ಕ್‌ಡೇಲ್ ಬಂತು, ಇಳೀಬೇಕು. ಗೂಡಿಸನ್ ಪಾರ್ಕ್ ಇಲ್ಲಿಂದ ನಡಿಗೆ ದಾರಿ. 1980ರ ಮಾರ್ಚ್ 1ಕ್ಕೆ, ಎವರ್ಟನ್-ಲಿವರ್‌ಪೂಲ್ ಪಂದ್ಯ ನೋಡ್ತಾ ಇದ್ದಾಗ, ಡೀನ್ ತೀರಿಕೊಂಡಿದ್ದು ಅಲ್ಲೇ. ಬಾಗಿಲು ಮುಚ್ತಿದೆ, ಕಟ್ ಮಾಡ್ತೀನಿ.