ಕೊನೆಯ ಮನೆಯಾಚೆಗಿನ ಹೊಲ

ಕೇಳುಗರೆಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರಾಜಕೀಯ ಅಂದರೆ ನಮ್ಮವರಿಗೆ ಡೌನಿಂಗ್ ಸ್ಟ್ರೀಟು, ಹತ್ತನೇ ನಂಬರಿನ ಕಪ್ಪು ಬಾಗಿಲು, ಒಬ್ಬ ಪ್ರಧಾನಿ ಬಂದ, ಇನ್ನೊಬ್ಬ ಹೋದ, ಅಲ್ಲಿಗೆ ಮುಗಿಯಿತು. ಅವರನ್ನು ಏರಿಸುವ, ಇಳಿಸುವ ಮತದಾರರು ಎಲ್ಲಿರುತ್ತಾರೆ ಅಂತ ಕೇಳುವವರೇ ಇಲ್ಲ. ಅವರಲ್ಲಿ ಬಹಳ ಜನ ಅತ್ತ ಹಳ್ಳಿಯೂ ಅಲ್ಲದ, ಇತ್ತ ಪೇಟೆಯೂ ಅಲ್ಲದ ಜಾಗಗಳಲ್ಲಿದ್ದಾರೆ. ಅಂಥ ಒಂದು ಲೋಕಸಭಾ ಕ್ಷೇತ್ರದ ಕಥೆಯನ್ನು ಇವತ್ತು ಹೇಳುತ್ತೇನೆ. ಹೆಸರು ಚೆಶಮ್ ಮತ್ತು ಅಮರ್ಶಮ್. ನೀವು ಒಂದೇ ಮಾತು ನೆನಪಿಟ್ಟುಕೊಂಡರೆ ಸಾಕು: ಅಲ್ಲಿ ಜನ ವೋಟು ಹಾಕುವುದು ಊರಿನ ಕೊನೆಯ ಮನೆಯಾಚೆಗೆ ಇರುವ ಹೊಲಕ್ಕೆ.

ಲಂಡನ್ನಿನ ವಾಯವ್ಯಕ್ಕೆ, ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿ, ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯಲ್ಲಿದೆ ಇದು. ಚಿಲ್ಟರ್ನ್ ಗುಡ್ಡಗಳು, ಬೀಚ್ ಮರದ ಕಾಡು, ಸುಣ್ಣಕಲ್ಲಿನ ನೆಲದಿಂದ ಉಕ್ಕುವ ತಿಳಿನೀರಿನ ಸಣ್ಣ ಹೊಳೆಗಳು. ಆದರೆ ಲಂಡನ್ ಮೆಟ್ರೋ ಇಲ್ಲಿವರೆಗೂ ಬರುತ್ತದೆ. ಮತದಾರರು ಎಪ್ಪತ್ತು ಸಾವಿರದ ಆಸುಪಾಸು. ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷಕ್ಕೂ ಮೇಲೆ ಇರುತ್ತಾರೆ. ಅದರ ಮೂರನೇ ಒಂದು ಪಾಲು ಅಂದುಕೊಳ್ಳಿ.

ಅಮರ್ಶಮ್ ಒಂದೇ ಊರಲ್ಲ, ಎರಡು. ಕೆಳಗೆ ಕಣಿವೆಯಲ್ಲಿ ಹಳೇ ಊರು, ಅಗಲವಾದ ಹೈ ಸ್ಟ್ರೀಟು, ಹಳೇ ಕಾಲದ ಮನೆಗಳು. ಮೇಲೆ ದಿಣ್ಣೆಯ ಮೇಲೆ ರೈಲು ನಿಲ್ದಾಣ, ಅದರ ಸುತ್ತ ಹೊಸ ಊರು. ಊರು ಬಿಟ್ಟು ದಿಣ್ಣೆ ಹತ್ತಿ ನಿಲ್ದಾಣ ಯಾಕೆ ಕಟ್ಟಿದರು? ಕೆಳಗಿನ ಶಾರ್ಡಲೋಸ್ ಎಂಬ ದೊಡ್ಡಮನೆಯ ಡ್ರೇಕ್ ವಂಶದ ಜಮೀನ್ದಾರರು ತಮ್ಮ ನೆಲದ ಹತ್ತಿರ ರೈಲು ಬೇಡ ಅಂದರು. ಈ ಡ್ರೇಕರೇನು ಸಾಮಾನ್ಯರಲ್ಲ. 1832ರವರೆಗೆ ಈ ಪುಟ್ಟ ಊರಿಂದ ಇಬ್ಬರು ಸಂಸದರು ಹೋಗುತ್ತಿದ್ದರು, ಎರಡು ಸೀಟೂ ಇವರ ಜೇಬಿನಲ್ಲಿ. ಆ ವರ್ಷದ ಸುಧಾರಣಾ ಕಾಯ್ದೆ ಬಂದ ಮೇಲಷ್ಟೇ ಅದು ನಿಂತಿತು. ಹೊಲದ ಜಗಳ ಇವತ್ತಿನದಲ್ಲ, ನೋಡಿ!

1889ರಲ್ಲಿ ಚೆಶಮ್‌ಗೆ, 1892ರಲ್ಲಿ ಅಮರ್ಶಮ್‌ಗೆ ಮೆಟ್ರೊಪಾಲಿಟನ್ ರೈಲು ಬಂತು. ರೈಲು ಕಂಪನಿ ಬಹಳ ಬುದ್ಧಿವಂತ ಕಂಪನಿ. ಹಳಿ ಪಕ್ಕದ ಜಮೀನಿನಲ್ಲಿ ಮನೆ ಕಟ್ಟಿ ಮಾರುವುದಕ್ಕೆ 1919ರಲ್ಲಿ ಬೇರೆ ಕಂಪನಿಯನ್ನೇ ತೆರೆಯಿತು. ಬನ್ನಿ, ಲಂಡನ್ನಿನ ಹೊಗೆ ಬಿಟ್ಟು ಹಸಿರಿಗೆ ಬನ್ನಿ ಅಂತ ಕರೆಯಿತು. ಜನ ಬಂದರು. ಬೆಳಿಗ್ಗೆ ರೈಲು ಹತ್ತಿ ಆಫೀಸಿಗೆ, ಸಂಜೆ ಹೊಲದ ಪಕ್ಕದ ಮನೆಗೆ. ಬಂದವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಇನ್ನು ಯಾರೂ ಬರಬಾರದು ಅಂದದ್ದು. ನಿನ್ನೆ ಹೊಲವಾಗಿದ್ದ ಜಾಗದಲ್ಲಿ ಇವರ ಮನೆ ಎದ್ದಿದೆ, ನಾಳೆ ಪಕ್ಕದ ಹೊಲದಲ್ಲಿ ಇನ್ನೊಬ್ಬನ ಮನೆ ಏಳಬಾರದು! ನಗಬೇಡಿ, ನಾವೂ ಹಾಗೇ. ನಗರದ ಸುತ್ತಲಿನ ಬಯಲಲ್ಲಿ ಕಟ್ಟಡ ಏಳದಂತೆ ಕಾಯುವ 1938ರ ಹಸಿರು ಪಟ್ಟಿ ಕಾಯ್ದೆ, ಆಮೇಲೆ 1947ರ ಯೋಜನಾ ಕಾಯ್ದೆ ಇವರ ಕೈ ಹಿಡಿದವು. ಅನುಮತಿ ಇಲ್ಲದೆ ಒಂದು ಹೊಸ ಮನೆ ಕಟ್ಟುವಂತಿಲ್ಲ. ರೈತನಿಗೂ ಪೇಟೆಗೆ ಹೋಗಿಬರುವವನಿಗೂ ಬೇಕಾದ್ದು ಒಂದೇ ಆಯಿತು, ಹೊಲ ಹೊಲವಾಗಿಯೇ ಇರಬೇಕು.

ಈಗ ನನಗೆ ಬಹಳ ಇಷ್ಟವಾದ ಕಥೆ. 1974ರಲ್ಲಿ ಈ ಕ್ಷೇತ್ರ ಹುಟ್ಟಿತು. ಅಂದಿನಿಂದ ಪ್ರತಿ ಸಲವೂ ಕನ್ಸರ್ವೇಟಿವ್ ಪಕ್ಷವೇ. ಮೊದಲು ಇಯಾನ್ ಗಿಲ್ಮೋರ್, 1992ರಿಂದ ಶೆರಿಲ್ ಗಿಲನ್. ಈಕೆ ಗಟ್ಟಿಗಿತ್ತಿ. ಎಚ್‌ಎಸ್‌ಟು ಎಂಬ ಅತಿವೇಗದ ರೈಲು ಈ ಗುಡ್ಡಗಳ ಅಡಿಯಲ್ಲಿ ಹದಿನಾರು ಕಿಲೋಮೀಟರು ಸುರಂಗ ಕೊರೆದು ಹೋಗುತ್ತದೆ ಅಂದಾಗ ಸ್ವಂತ ಪಕ್ಷದ ಸರ್ಕಾರದ ವಿರುದ್ಧವೇ ನಿಂತರು. ಜನರ ಸಿಟ್ಟಿಗೂ ಕಾರಣ ಇತ್ತು. ನೆಲ ಇವರದು, ಗದ್ದಲ ಇವರಿಗೆ, ಆ ರೈಲಿಗೆ ಇಲ್ಲೊಂದು ನಿಲ್ದಾಣವೂ ಇಲ್ಲ. 2019ರಲ್ಲಿ ಗಿಲನ್ 16,223 ಮತಗಳ ಅಂತರದಿಂದ ಗೆದ್ದರು. 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಜೂನ್ 17, ಗುರುವಾರ, ಉಪಚುನಾವಣೆ.

ಕನ್ಸರ್ವೇಟಿವ್ ಪಕ್ಷ ಆಗ ಮೀಸೆ ತಿರುವುತ್ತಿತ್ತು. ಆರೇ ವಾರದ ಹಿಂದೆ ಉತ್ತರದ ಹಾರ್ಟ್ಲ್‌ಪೂಲ್ ಕ್ಷೇತ್ರವನ್ನು ಲೇಬರ್ ಪಕ್ಷದಿಂದ ಕಿತ್ತುಕೊಂಡಿತ್ತು. ಇನ್ನು ಚೆಶಮ್‌ನಲ್ಲಿ ಭಯವೇ? ಆದರೆ ಅದೇ ಪಕ್ಷದ ಬೋರಿಸ್ ಜಾನ್ಸನ್ ಸರ್ಕಾರ ಹಿಂದಿನ ವರ್ಷವೇ ಒಂದು ಪ್ರಸ್ತಾವ ತಂದಿತ್ತು: ದೇಶದ ನೆಲವನ್ನೆಲ್ಲ ವಲಯಗಳಾಗಿ ವಿಂಗಡಿಸುವುದು, ಬೆಳವಣಿಗೆಯ ವಲಯ ಅಂತ ಗುರುತಿಸಿದ ಕಡೆ ಮನೆ ಕಟ್ಟಲು ತತ್ವತಃ ಒಪ್ಪಿಗೆ ತಾನಾಗಿಯೇ ಸಿಕ್ಕಿಬಿಡುವುದು. ಅಂದರೆ ನೆರೆಯವನು ತಕರಾರು ಹೇಳುವ ಅವಕಾಶ ಕಡಿಮೆ. ಕೊನೆಯ ಮನೆಯಾಚೆಗಿನ ಹೊಲಕ್ಕೆ ಕೈ ಹಾಕಿದ್ದರು, ಸ್ವಾಮಿ! ಲಿಬರಲ್ ಡೆಮಾಕ್ರಾಟ್ ಎಂಬ ಇನ್ನೊಂದು ಪಕ್ಷದವರು ಅದನ್ನೇ ಹಿಡಿದುಕೊಂಡು ಮನೆಮನೆ ಬಾಗಿಲು ತಟ್ಟಿದರು, ಕರಪತ್ರದ ಮೇಲೆ ಕರಪತ್ರ ಹಾಕಿದರು.

ಫಲಿತಾಂಶ ಹೇಳುತ್ತೇನೆ, ಕೇಳಿ. ಲಿಬರಲ್ ಡೆಮಾಕ್ರಾಟ್ ಸಾರಾ ಗ್ರೀನ್‌ಗೆ 21,517. ಕನ್ಸರ್ವೇಟಿವ್ ಅಭ್ಯರ್ಥಿಗೆ 13,489. ದೇಶದ ಮುಖ್ಯ ವಿರೋಧ ಪಕ್ಷ ಲೇಬರ್‌ಗೆ ಎಷ್ಟು? ಬರೀ 622! ಅಲ್ಲಿ ನೂರಕ್ಕೆ ಐದು ಮತ ಬಾರದಿದ್ದರೆ ಐನೂರು ಪೌಂಡಿನ ಠೇವಣಿ ಹೋಗುತ್ತದೆ, ಹೋಯಿತು. ಮರುದಿನ ಲಿಬರಲ್ ಡೆಮಾಕ್ರಾಟ್ ನಾಯಕ ಎಡ್ ಡೇವಿ ಚೆಶಮ್‌ಗೆ ಬಂದು, ನೀಲಿ ಇಟ್ಟಿಗೆಗಳ ಒಂದು ಆಟಿಕೆ ಗೋಡೆ ಜೋಡಿಸಿಸಿ, ಕಿತ್ತಳೆ ಬಣ್ಣದ ಪುಟ್ಟ ಸುತ್ತಿಗೆಯಿಂದ ಅದನ್ನು ಕ್ಯಾಮೆರಾಗಳ ಮುಂದೆ ಉರುಳಿಸಿದರು. ನೀಲಿ ಕನ್ಸರ್ವೇಟಿವರ ಬಣ್ಣ. ತಮಾಷೆ ಅನಿಸಬಹುದು, ಆದರೆ ಪರಿಣಾಮ ತಮಾಷೆಯದಲ್ಲ. ಸೆಪ್ಟೆಂಬರ್‌ನಲ್ಲಿ ವಸತಿ ಸಚಿವ ರಾಬರ್ಟ್ ಜೆನ್ರಿಕ್ ಹುದ್ದೆ ಕಳೆದುಕೊಂಡರು, ಮೈಕೆಲ್ ಗೋವ್ ಬಂದರು, ಆ ವಲಯದ ಯೋಜನೆ ಮೂಲೆ ಸೇರಿತು. ಒಂದು ಕ್ಷೇತ್ರದ ವೋಟು ಇಡೀ ದೇಶದ ಕಾನೂನಿನ ದಾರಿ ತಿರುಗಿಸಿತು.

ಕೆಲವು ಪಂಡಿತರು ಅದು ಬ್ರೆಕ್ಸಿಟ್, ಅಂದರೆ ಯುರೋಪಿನ ಒಕ್ಕೂಟ ಬಿಟ್ಟದ್ದರ ಸಿಟ್ಟು ಅಂತ ಬರೆದರು. ಇರಲಿ, ಬರೆಯಲಿ. ನನ್ನ ಮಟ್ಟಿಗೆ ಅದು ಹೊಲ.

ಸಮಯ ನೋಡಿದರೆ ಓಡುತ್ತಿದೆ, ಸ್ಟುಡಿಯೋದವರು ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ. 2023ರಲ್ಲಿ ಅದೇ ಶಾರ್ಡಲೋಸ್ ಹತ್ತಿರ, ಸುರಂಗದ ಮೇಲಿನ ಹೊಲದಲ್ಲಿ, ನೆಲ ಕುಸಿದು ಗುಂಡಿ ಬಿತ್ತು. ಜನರ ಸಿಟ್ಟು ಆರುವುದಾದರೂ ಹೇಗೆ? 2024ರಲ್ಲಿ ಕ್ಷೇತ್ರದ ಗಡಿ ಬದಲಾದರೂ ಸಾರಾ ಗ್ರೀನ್ ಮತ್ತೆ ಗೆದ್ದರು. ಈಗ ಲೇಬರ್ ಸರ್ಕಾರ ಐದು ವರ್ಷದಲ್ಲಿ ಹದಿನೈದು ಲಕ್ಷ ಮನೆ ಕಟ್ಟುತ್ತೇವೆ ಅನ್ನುತ್ತಿದೆ, ಹಸಿರು ಪಟ್ಟಿಯಲ್ಲೇ ಅಷ್ಟೇನೂ ಹಸಿರಲ್ಲದ ಜಾಗಕ್ಕೆ ಬೂದು ಪಟ್ಟಿ ಅಂತ ಹೆಸರಿಟ್ಟಿದೆ. ಮನೆ ಬೇಕು ಅನ್ನುವ ಮಕ್ಕಳು, ಹೊಲ ಬೇಕು ಅನ್ನುವ ಅಪ್ಪ ಅಮ್ಮ, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ.

ಕೊನೆಯದಾಗಿ, ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ತಂದೆತಾಯಿಯರಿಗೆ ಒಂದು ಮಾತು. ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಪಡೆದು ಅಲ್ಲಿ ವಾಸವಾಗಿರುವ ಭಾರತದ ಪ್ರಜೆಗೆ, ಬ್ರಿಟಿಷ್ ಪೌರತ್ವ ಇಲ್ಲದಿದ್ದರೂ, ಅಲ್ಲಿನ ಸಂಸತ್ ಚುನಾವಣೆಯಲ್ಲಿ ವೋಟಿದೆ. ಎಷ್ಟು ಸಲ ಹೇಳಿದರೂ ನಮ್ಮ ಹುಡುಗರು ನಂಬುವುದಿಲ್ಲ, ಹೆಸರು ನೋಂದಾಯಿಸುವುದಿಲ್ಲ. ಮತಗಟ್ಟೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಆಫೀಸಿನ ನೆಪ ಹೇಳುವಂತಿಲ್ಲ. ಅಲ್ಲಿ ಯಂತ್ರ ಇಲ್ಲ, ಕಾಗದ, ಪೆನ್ಸಿಲು. ಗುರುತಿಗೆ ಭಾರತದ ಪಾಸ್‌ಪೋರ್ಟು ತೋರಿಸಿದರೆ ಆಯಿತು. ಈ ವಾರ ಫೋನು ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ. ನಮಸ್ಕಾರ.