ಲೆನ್ಸಿನ ಸ್ಟೆಬಿಲೈಸೇಷನ್‌ಗೆ ಹೆಚ್ಚು ಹಣ ಕೊಡಬೇಕೇ?

ನಮಸ್ಕಾರ. ಇಮೇಜ್ ಸ್ಟೆಬಿಲೈಸೇಷನ್ ಇರುವ ಲೆನ್ಸನ್ನೇ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ತಮ್ಮ ಕೈ ಎಷ್ಟು ನಡುಗುತ್ತದೆ ಎಂದು ಯೋಚಿಸುತ್ತಾರೆ. ನನ್ನ ಪ್ರಕಾರ ಮೊದಲು ಯೋಚಿಸಬೇಕಾದದ್ದು, ನಿಮ್ಮ ಎದುರಿಗಿರುವುದು ಎಷ್ಟು ಅಲುಗಾಡುತ್ತದೆ ಎಂಬುದನ್ನು.

ಲೆನ್ಸಿನೊಳಗಿನ ಗೈರೊ ಸೆನ್ಸರ್‌ಗಳು ಕೈಯ ಕಂಪನವನ್ನು ಗುರುತಿಸುತ್ತವೆ. ಅದಕ್ಕೆ ಪ್ರತಿಯಾಗಿ ಗಾಜಿನ ಒಂದು ಗುಂಪು ಸರಿದು ಬಿಂಬವನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಕ್ಯಾನನ್ ಸಂಸ್ಥೆ 1995ರಲ್ಲಿ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಇದನ್ನು ಮೊದಲು ತಂದದ್ದು 75-300 ಎಂಎಂ ಜೂಮ್ ಲೆನ್ಸಿನಲ್ಲಿ. ಆ ಆಯ್ಕೆಗೆ ಕಾರಣವಿತ್ತು: ಕೈ ಅಷ್ಟೇ ಅಲುಗಿದರೂ 400 ಎಂಎಂ ಲೆನ್ಸಿನಲ್ಲಿ ಬಿಂಬ 50 ಎಂಎಂ ಲೆನ್ಸಿಗಿಂತ ಎಂಟು ಪಟ್ಟು ಹೆಚ್ಚು ಸರಿಯುತ್ತದೆ.

ಹೆಬ್ಬಾಳ ಕೆರೆಯಲ್ಲಿ ಮುಂಜಾನೆಯ ಮಬ್ಬು ಬೆಳಕಿನಲ್ಲಿ ಕೊಂಬೆಯ ಮೇಲೆ ಕದಲದೆ ಕುಳಿತ ಹೆಜ್ಜಾರ್ಲೆಯನ್ನು ನೆನೆಸಿಕೊಳ್ಳಿ. 300 ಎಂಎಂ ಲೆನ್ಸನ್ನು ಕೈಯಲ್ಲೇ ಹಿಡಿದು ತೆಗೆಯುವುದಾದರೆ, ಹಳೆಯ ಲೆಕ್ಕಾಚಾರದಂತೆ ಶಟರ್ ವೇಗ ಕನಿಷ್ಠ 1/300 ಸೆಕೆಂಡ್ ಇರಬೇಕು. ಅಳತೆಯಲ್ಲಿ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ ಸುಮಾರು 1/450. ಮೂರು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ನೆರವು ಸಿಕ್ಕರೂ 1/40ರ ಆಸುಪಾಸಿನಲ್ಲಿ ಸ್ಪಷ್ಟ ಚಿತ್ರ ಬರುವ ಸಾಧ್ಯತೆಯಿದೆ, ಐಎಸ್‌ಒ ಅನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯನ್ನು, ಅಷ್ಟು ಏರಿಸಬೇಕಾಗಿಲ್ಲ. ಇಲ್ಲಿ ಕೊಟ್ಟ ಹಣ ದಂಡವಾಗುವುದಿಲ್ಲ. ಆದರೆ ಅದೇ ಹಕ್ಕಿ ರೆಕ್ಕೆ ಬಿಚ್ಚಿ ಹಾರಿದ ಕ್ಷಣದಲ್ಲಿ 1/40 ಯಾವ ಕೆಲಸಕ್ಕೂ ಬಾರದು.

ರವೀಂದ್ರ ಕಲಾಕ್ಷೇತ್ರದ ವೇದಿಕೆಯಲ್ಲಿ ನಡೆಯುವ ನೃತ್ಯಕ್ಕೂ ಇದೇ ಮಾತು ಸಲ್ಲುತ್ತದೆ. 1/30ರಲ್ಲಿ ಹಿಂದಿನ ಪರದೆಯ ನೆರಿಗೆಗಳು ಅಚ್ಚುಕಟ್ಟಾಗಿ ಮೂಡುತ್ತವೆ, ನರ್ತಕಿಯ ಕೈಗಳು ಮಾತ್ರ ಕದಡಿಹೋಗುತ್ತವೆ. ಅದೇ ಬೆಳಕಿನಲ್ಲಿ, ಎಫ್/5.6ರ ಬದಲು ಎಫ್/1.8 ಅಪರ್ಚರ್ ಇರುವ ಸಾಧಾರಣ 50 ಎಂಎಂ ಲೆನ್ಸ್ ಬಳಸಿದರೆ ಮೂರು ಸ್ಟಾಪ್‌ಗಳಿಗಿಂತ ತುಸು ಹೆಚ್ಚು ಬೆಳಕು ದೊರೆತು, ಶಟರ್ ವೇಗ 1/250 ದಾಟುತ್ತದೆ. ಆ ಲೆನ್ಸಿನಲ್ಲಿ ಸ್ಟೆಬಿಲೈಸೇಷನ್ ಇಲ್ಲದಿದ್ದರೂ ನನಗೆ ಬೇಸರವಿಲ್ಲ. (ಮುಂದಿನ ಸಾಲಿನಲ್ಲಿ ಕೂರಬೇಕು, ನಿಜ.)

ಕ್ಯಾಮೆರಾದ ಬಾಡಿಯಲ್ಲೇ ಸೆನ್ಸರ್ ಅಲುಗಿಸುವ ವ್ಯವಸ್ಥೆ ಇದ್ದರೆ, ಕಡಿಮೆ ಫೋಕಲ್ ಲೆಂತ್‌ನ (ಎಂಎಂ ಸಂಖ್ಯೆ ಕಡಿಮೆಯಿರುವ) ಲೆನ್ಸುಗಳಿಗಾಗಿ ಮತ್ತೆ ದುಡ್ಡು ಸುರಿಯುವುದು ಅನಗತ್ಯವೆಂದೇ ನನ್ನ ಅಭಿಪ್ರಾಯ. ಕ್ಯಾಮೆರಾ ಪಕ್ಕಕ್ಕೆ ವಾಲಿ ತಿರುಗುವ ಚಲನೆಯನ್ನು ಬಾಡಿಯ ವ್ಯವಸ್ಥೆ ಸರಿಪಡಿಸಬಲ್ಲದು, ಲೆನ್ಸಿನಿಂದ ಅದು ಆಗದು. ನಡೆಯುತ್ತ ವಿಡಿಯೊ ಮಾಡುವವರಿಗೆ ಇದು ಮುಖ್ಯ. ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು, ಏಕೆಂದರೆ ಅಲ್ಲಿ ಬಿಂಬ ಸರಿಯುವಷ್ಟು ದೂರ ಸೆನ್ಸರ್ ಸರಿಯಲಾರದು. ಜೊತೆಗೆ ಡಿಎಸ್‌ಎಲ್‌ಆರ್ ಬಳಸುವವರಿಗೆ ಲೆನ್ಸಿನ ಸ್ಟೆಬಿಲೈಸೇಷನ್ ವ್ಯೂಫೈಂಡರ್‌ನಲ್ಲಿ ಕಾಣುವ ನೋಟವನ್ನೂ ನಿಲ್ಲಿಸಿಕೊಡುತ್ತದೆ. ದೂರದ ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಇಡಲು ಅದರಿಂದ ಆಗುವ ಉಪಕಾರವನ್ನು ಸ್ಟಾಪ್‌ಗಳ ಲೆಕ್ಕ ಹೇಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಅದನ್ನು ಅಂಗಡಿಯಲ್ಲೇ ಕ್ಯಾಮೆರಾಕ್ಕೆ ಜೋಡಿಸಿ, ಜೂಮನ್ನು ಕೊನೆಯವರೆಗೆ ತಿರುಗಿಸಿ, ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದು ನೋಡಲಿ. ನೋಟ ನೆಲೆಗೊಳ್ಳುವ ಬದಲು ಜಿಗಿಯುತ್ತಿದ್ದರೆ ಆ ಲೆನ್ಸನ್ನು ಅಲ್ಲೇ ಬಿಟ್ಟು ಬನ್ನಿ.